ಪಟ್ಟು ಮತ್ತು ಪಟ್ಟ: ವೃತ್ತಿ ಕುಸ್ತಿಯ ಆದಿಕಾಲದ ಜಟ್ಟಿಗಳು

ಕಳೆದ ಬೇಸಗೆಯಲ್ಲಿ ನಾವು ನಮ್ಮ ಹಳೆಯ ಸಹಪಾಠಿಗಳೊಬ್ಬರ ಮನೆಗೆ ಹೋಗಿದ್ದೆವು. ಮಠದ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವರು ನಾವಿಬ್ಬರು. ಪಡಸಾಲೆಯಲ್ಲಿ ಟಿ.ವಿ.ಯ ಮುಂದೆ ಹುಡುಗರು ಗುಂಪಾಗಿ ಕುಳಿತಿದ್ದರು. ತೆರೆಯ ಮೇಲೆ ಅಮೇರಿಕದ ಕುಸ್ತಿ ನಡೆದಿತ್ತು. ದೈತ್ಯಾಕಾರದ ಜಟ್ಟಿಯೊಬ್ಬ ಇನ್ನೊಬ್ಬನನ್ನು ತಲೆಯ ಮೇಲೆ ಎತ್ತಿ ಹಗ್ಗದಾಚೆಗೆ ಒಗೆದ. ಬಿದ್ದವನು ಕ್ಷಣಮಾತ್ರದಲ್ಲಿ ಎದ್ದು ಮತ್ತೆ ಒಳನುಗ್ಗಿದ. ತಾರುಣ್ಯದಲ್ಲಿ ಊರ ಗರಡಿಯಲ್ಲಿ ಸಾಮು ಮಾಡಿ, ಜಾತ್ರೆಯ ಕಣದಲ್ಲಿ ಬೆಳ್ಳಿಯ ಕಡಗ ಗೆದ್ದುತಂದ ನಮ್ಮ ಮಿತ್ರರು ನಕ್ಕು, "ಇದೆಲ್ಲ ನಾಟಕ ಬಿಡ್ರಿ, ಇದ್ಯಾವ ಕುಸ್ತಿ" ಎಂದರು. ಎಂಟು ವರ್ಷದ ಅವರ ಮೊಮ್ಮಗನಿಗೆ ಈ ಮಾತು ಹಿಡಿಸಲಿಲ್ಲ. ನಮ್ಮತ್ತ ತಿರುಗಿ, "ಅಜ್ಜಾ, ನೀವ ಹೇಳ್ರಿ. ಇದು ಖರೇನೋ ಸುಳ್ಳೋ?" ಎಂದು ಕೇಳಿದ.

ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಸುಳ್ಳೆಂದು ಹೇಳುವುದು ಸುಲಭ. ಆದರೆ ಯಾವ ವಿದ್ಯೆಯೂ ಹುಟ್ಟುವಾಗಲೇ ಸುಳ್ಳಾಗಿ ಹುಟ್ಟುವುದಿಲ್ಲ. ಈ ಕುಸ್ತಿ ಒಂದು ಕಾಲಕ್ಕೆ ಖರೆಯೇ ಆಗಿತ್ತಾದರೆ ಅದು ಸುಳ್ಳಾದದ್ದು ಯಾವಾಗ, ಯಾರ ಕೈಯಿಂದ, ಏತಕ್ಕಾಗಿ? ಆ ಹುಡುಗನ ಪ್ರಶ್ನೆಯ ಬೆನ್ನುಹತ್ತಿ ನಾವು ಕೆಲವು ತಿಂಗಳು ಓದಿದುದರ ಸಾರವನ್ನು ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಕುಸ್ತಿ ಎಲ್ಲ ದೇಶಗಳಲ್ಲಿಯೂ ಪುರಾತನವಾದುದು. ಅದನ್ನೇ ವೃತ್ತಿಯಾಗಿ ನಂಬಿ ಬದುಕುವುದೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದದ ಪ್ರಕರಣವೇ ಇದೆ. ಮಲ್ಲರನ್ನು ಹೇಗೆ ವಿಂಗಡಿಸಬೇಕು, ಅವರ ಆಹಾರವೇನು, ಅಭ್ಯಾಸವೇನು ಎಂಬುದನ್ನೆಲ್ಲ ಅರಸ ಅಲ್ಲಿ ಸಾವಧಾನವಾಗಿ ನಿರೂಪಿಸಿದ್ದಾನೆ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿಯ ಮಲ್ಲನಿಗೆ ಅನ್ನವಿಕ್ಕುವವನು ಅರಸ. ಕುಸ್ತಿ ಎರಡು ಕ್ಷಣದಲ್ಲಿ ಮುಗಿಯಲಿ, ಎರಡು ತಾಸು ಎಳೆಯಲಿ, ಮಲ್ಲನ ಹಾಲು ತುಪ್ಪಗಳಿಗೆ ಕೊರತೆ ಬರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪು ಅಮೇರಿಕಗಳಲ್ಲಿ ಹುಟ್ಟಿದ ವೃತ್ತಿ ಕುಸ್ತಿಗೆ ಇಂಥ ಅರಸನಿರಲಿಲ್ಲ. ಅಲ್ಲಿಯ ಜಟ್ಟಿಗೆ ಅನ್ನವಿಕ್ಕುವವನು ಟಿಕೇಟು ಕೊಂಡು ಬಂದ ಪ್ರೇಕ್ಷಕ. ಮುಂದೆ ನಡೆದುದಕ್ಕೆಲ್ಲ ಬೀಜ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಫ್ರಾನ್ಸ್ ದೇಶದಲ್ಲಿ ನೆಪೋಲಿಯನ್ನನ ಸೈನ್ಯದಲ್ಲಿದ್ದ ಎಕ್ಸ್‌ಬ್ರಾಯಾ ಎಂಬಾತ 1848ರಲ್ಲಿ ಜಟ್ಟಿಗಳ ಒಂದು ಸಂಚಾರಿ ಮೇಳವನ್ನು ಕಟ್ಟಿದನೆಂದು ಹೇಳುತ್ತಾರೆ. ಸೊಂಟದ ಕೆಳಗೆ ಹಿಡಿಯಕೂಡದೆಂಬ ನಿಯಮ ಆ ಮೇಳದ್ದು. ಇದೇ ಬೆಳೆದು ಗ್ರೀಕ್-ರೋಮನ್ ಎಂಬ ಹೆಸರು ಹೊತ್ತಿತು. ಹೆಸರು ಮಾತ್ರ ಪ್ರಾಚೀನ, ಪದ್ಧತಿ ಅರ್ವಾಚೀನ. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಕಲ್ಲಿದ್ದಲ ಗಣಿಗಳ ಕಾರ್ಮಿಕರದು ಬೇರೆ ರೀತಿ. ಕಾಲು, ಕೈ, ಕೊರಳು, ಎಲ್ಲಿ ಸಿಕ್ಕಿದರಲ್ಲಿ ಹಿಡಿಯಬಹುದಾದ ಕುಸ್ತಿ ಅವರದು. ಐರಿಷ್ ವಲಸೆಗಾರರು ಕೊರಳಪಟ್ಟಿ ಮತ್ತು ಮೊಣಕೈ ಹಿಡಿದು ಆಡುವ ತಮ್ಮ ಪದ್ಧತಿಯನ್ನು ಅಮೇರಿಕಕ್ಕೆ ಒಯ್ದರು. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಬಿಡಾರಗಳಲ್ಲಿ ಈ ಎಲ್ಲ ಪದ್ಧತಿಗಳೂ ಒಂದಕ್ಕೊಂದು ಬೆರೆತವು. ಯುದ್ಧ ಮುಗಿದು ಮನೆಗೆ ಮರಳಿದ ತರುಣರೊಡನೆ ಕುಸ್ತಿಯೂ ಊರೂರಿಗೆ ಹೋಯಿತು.

ನ್ಯೂಯಾರ್ಕಿನ ವಿಲಿಯಂ ಮಲ್ಡೂನ್ ಈ ಕ್ಷೇತ್ರದ ಮೊದಲ ದೊಡ್ಡ ಹೆಸರು. 1852ರಲ್ಲಿ ಹುಟ್ಟಿದ ಈತ ಪೊಲೀಸ್ ಕೆಲಸದಲ್ಲಿದ್ದು ಕುಸ್ತಿಗೆ ಬಂದವನು. 1880ರಲ್ಲಿ ಥೀಬೋ ಬಾವರ್ ಎಂಬ ಜಟ್ಟಿಯನ್ನು ಸೋಲಿಸಿ ಗ್ರೀಕ್-ರೋಮನ್ ಪದ್ಧತಿಯ ಪಟ್ಟವನ್ನು ಪಡೆದ. ಮರುವರ್ಷದ ಜನವರಿಯಲ್ಲಿ ಕ್ಲಾರೆನ್ಸ್ ವಿಸ್ಲರ್ ಎಂಬುವನೊಡನೆ ಆತ ಆಡಿದ ಕುಸ್ತಿ ಮಾತ್ರ ವಿಚಾರ ಮಾಡತಕ್ಕದ್ದು. ರಾತ್ರಿ ಆರಂಭವಾದ ಈ ಕಾಳಗ ಏಳು ತಾಸು ಮೀರಿ ನಡೆಯಿತು. ಒಮ್ಮೆಯೂ ಯಾರ ಬೆನ್ನೂ ನೆಲಕ್ಕೆ ಹತ್ತಲಿಲ್ಲ. ಕೊನೆಗೆ ಬೆಳಗಿನ ಜಾವ ರಂಗಮಂದಿರದ ದೀಪಗಳನ್ನು ಆರಿಸಿ ಕುಸ್ತಿಯನ್ನು ನಿಲ್ಲಿಸಬೇಕಾಯಿತು.

ಬಲ್ಲವರಿಗೆ ಆ ಏಳು ತಾಸು ರಸಮಯವಾಗಿಯೇ ಇದ್ದಿರಬಹುದು. ಹಿಡಿತದೊಳಗಿನ ಹಿಡಿತ, ಉಸಿರಿನ ಲೆಕ್ಕ, ಎದುರಾಳಿಯ ತೋಳಿನಲ್ಲಿ ಬಲ ಇಳಿಯುವ ಗಳಿಗೆಗಾಗಿ ಕಾಯುವ ತಾಳ್ಮೆ, ಇವೆಲ್ಲ ಗರಡಿಯ ಕಣ್ಣಿಗೆ ಕಾಣುವಂಥವು. ದಿನದ ದುಡಿಮೆ ಮುಗಿಸಿ, ಕಾಸು ಕೊಟ್ಟು ಬಂದು ಕುಳಿತವನಿಗೆ ಕಾಣುವುದು ಇಬ್ಬರು ಗಟ್ಟಿಗರು ಒಬ್ಬರನ್ನೊಬ್ಬರು ತಬ್ಬಿ ನಿಂತದ್ದು ಮಾತ್ರ. ನಿಜವಾದ ಕುಸ್ತಿ ಇಬ್ಬರೂ ಸಮಬಲರಾದಾಗ ಬಹಳ ನಿಧಾನ. ಬಲ ಹೆಚ್ಚು ಕಡಿಮೆಯಾದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಎರಡೂ ಟಿಕೇಟಿನ ವ್ಯಾಪಾರಕ್ಕೆ ಹೊಂದುವಂಥವಲ್ಲ.

ನಗರದ ಮಂದಿರಗಳ ಸ್ಥಿತಿ ಹೀಗಿರಲು, ಹಳ್ಳಿಗಾಡಿನ ಜಾತ್ರೆ ಸಂತೆಗಳಲ್ಲಿ ಇನ್ನೊಂದು ಬಗೆಯ ಕುಸ್ತಿ ಬೆಳೆಯಿತು. ಡೇರೆ ಹಾಕಿ, ಜಟ್ಟಿಯೊಬ್ಬನನ್ನು ವೇದಿಕೆಯ ಮೇಲೆ ನಿಲ್ಲಿಸಿ, "ಈತನ ಮುಂದೆ ಹದಿನೈದು ನಿಮಿಷ ನಿಂತವರಿಗೆ ಇಷ್ಟು ಡಾಲರು" ಎಂದು ಸಾರುವರು. ಊರಿನ ಬಲಾಢ್ಯ ತರುಣ ಮುಂದೆ ಬರುವನು. ಅವನ ಪರವಾಗಿ ಊರವರು ಪಣ ಕಟ್ಟುವರು. ಡೇರೆಯ ಜಟ್ಟಿ ಕೀಲು ತಿರುಚುವ, ಉಸಿರುಗಟ್ಟಿಸುವ ಪಟ್ಟುಗಳಲ್ಲಿ ಪಳಗಿದವನು. ಕೆಲವೊಮ್ಮೆ ಸವಾಲು ಸ್ವೀಕರಿಸಿ ಮುಂದೆ ಬಂದವನೂ ಅದೇ ಕಂಪನಿಯವನಾಗಿರುವನು! ಊರವರಿಗೆ ತಿಳಿಯದಂತೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಈ ಡೇರೆಯವರಿಗೆ ಒಂದು ಗುಪ್ತಭಾಷೆಯೂ ಇತ್ತು. ಒಳಗುಟ್ಟನ್ನು ಹೊರಗಿನವರ ಮುಂದೆ ಬಿಟ್ಟುಕೊಡದಿರುವ ಕಟ್ಟುಪಾಡಿಗೆ ಅಮೇರಿಕದ ಕುಸ್ತಿಯವರು 'ಕೇಫೇಬ್' ಎನ್ನುತ್ತಾರೆ.

ಹಳ್ಳಿಗಾಡಿನಿಂದಲೇ ಬಂದರೂ ವಿದ್ಯೆಯಲ್ಲಿ ಶುದ್ಧನಾಗಿದ್ದವನು ಅಯೋವಾ ಪ್ರಾಂತದ ಮಾರ್ಟಿನ್ ಬರ್ನ್ಸ್. 1861ರಲ್ಲಿ ಬಡ ಒಕ್ಕಲು ಮನೆಯಲ್ಲಿ ಹುಟ್ಟಿದವನು. 1889ರಲ್ಲಿ ಮಾರಾಟದ ಹಂದಿಗಳನ್ನು ತೆಗೆದುಕೊಂಡು ಶಿಕಾಗೋ ನಗರಕ್ಕೆ ಬಂದಿದ್ದಾಗ ಅಲ್ಲೊಂದು ರಂಗಮಂದಿರದಲ್ಲಿ ಕುಸ್ತಿಯ ಸವಾಲನ್ನು ಕಂಡ. ಹೊಲದ ಉಡುಪಿನಲ್ಲಿಯೇ ಮೇಲೇರಿ ಹೆಸರಾಂತ ಜಟ್ಟಿಗಳ ಮುಂದೆ ಹದಿನೈದು ನಿಮಿಷ ನಿಂತು ತೋರಿಸಿದ. ಅಂದಿನಿಂದ 'ಫಾರ್ಮರ್', ಎಂದರೆ ಒಕ್ಕಲಿಗ, ಎಂಬ ಬಿರುದು ಅವನಿಗೆ ಅಂಟಿಕೊಂಡಿತು. 1895ರಲ್ಲಿ ಇವಾನ್ ಲೂಯಿಸ್ ಎಂಬ ಭಯಂಕರ ಜಟ್ಟಿಯನ್ನು ಸೋಲಿಸಿ ಅಮೇರಿಕದ ಪಟ್ಟವನ್ನೇರಿದ. ಈ ಲೂಯಿಸನಿಗೆ 'ಕತ್ತು ಹಿಸುಕುವವ' ಎಂಬ ಅಡ್ಡಹೆಸರಿತ್ತು ಎಂದರೆ ಆತನ ಪಟ್ಟು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಬರ್ನ್ಸನ ಕೊರಳು ಇಪ್ಪತ್ತು ಅಂಗುಲ ದಪ್ಪವಿತ್ತಂತೆ. ನೇಣಿನ ಕುಣಿಕೆಯನ್ನು ಕೊರಳಿಗೆ ಹಾಕಿಕೊಂಡು ಆರಡಿ ಕೆಳಗೆ ಧುಮುಕಿ, ಹಾಗೆ ತೂಗುತ್ತಲೇ ಸಿಳ್ಳೆ ಹಾಕುವುದು ಆತನ ಪ್ರದರ್ಶನಗಳಲ್ಲೊಂದು. (ಈ ಭಾಗವನ್ನು ಮನೆಯ ಮಕ್ಕಳಿಗೆ ಓದಿ ಹೇಳದಿರುವುದು ಒಳಿತು.) ಆತ ಗಳಿಸಿದ ಗೆಲುವುಗಳಿಗಿಂತ ಆತ ತಯಾರಿಸಿದ ಶಿಷ್ಯರು ದೊಡ್ಡವರು. ಅಂಚೆಯ ಮೂಲಕ ಕುಸ್ತಿಯ ಪಾಠಗಳನ್ನು ಕಳಿಸುವ ವ್ಯವಸ್ಥೆಯನ್ನೂ ಆತ ಮಾಡಿದ್ದ.

ಆ ಶಿಷ್ಯರಲ್ಲಿ ಅಗ್ರಗಣ್ಯನಾದವನು ಫ್ರಾಂಕ್ ಗಾಚ್. ಇವನೂ ಅಯೋವಾದ ಹಂಬೋಲ್ಟಿನ ಒಕ್ಕಲು ಮನೆತನದವನೇ. 1899ರ ಡಿಸೆಂಬರಿನಲ್ಲಿ ಬರ್ನ್ಸನ ಸವಾಲಿಗೆ ಎದುರಾಗಿ ಹನ್ನೊಂದು ನಿಮಿಷಗಳಲ್ಲಿ ಸೋತ. ಸೋಲಿಸಿದವನೇ ಸೋತವನ ಕೈಹಿಡಿದು ಶಿಷ್ಯನನ್ನಾಗಿ ಮಾಡಿಕೊಂಡ. ಎದುರಾಳಿಯ ಪಾದವನ್ನು ಹಿಡಿದು ತಿರುಚುವ ಪಟ್ಟು ಗಾಚನ ಕೈಯಲ್ಲಿ ಬ್ರಹ್ಮಾಸ್ತ್ರವಾಯಿತು. 1904ರಲ್ಲಿ ಟಾಮ್ ಜೆಂಕಿನ್ಸನನ್ನು ಸೋಲಿಸಿ ಆತ ಅಮೇರಿಕದ ಪಟ್ಟ ಪಡೆದ. ಈ ಜೆಂಕಿನ್ಸ್ ಕ್ಲೀವ್‌ಲ್ಯಾಂಡಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು, ಒಕ್ಕಣ್ಣ, ಕಠಿಣ ಮನುಷ್ಯ.

ಇಷ್ಟನ್ನು ಓದಿ ಆ ಕಾಲವೆಲ್ಲ ಸತ್ಯಯುಗವಾಗಿತ್ತೆಂದು ಬಗೆಯಬೇಕಾಗಿಲ್ಲ. ಇದೇ ಗಾಚ್ 1901ರಲ್ಲಿ ಉತ್ತರದ ಕ್ಲಾಂಡೈಕ್ ಚಿನ್ನದ ಗಣಿಗಳ ಸೀಮೆಗೆ ಹೋಗಿ, ಸುಳ್ಳು ಹೆಸರಿಟ್ಟುಕೊಂಡು, ತನ್ನ ಜೊತೆಗಾರರೊಂದಿಗೇ ಒಳ ಒಪ್ಪಂದದ ಕುಸ್ತಿಗಳನ್ನಾಡಿ ಗಣಿಗಾರರ ಹಣ ದೋಚಿದವನು. 1910ರಲ್ಲಿ ಅಯೋವಾದಲ್ಲಿಯೇ ಮೇಬ್ರೇ ಎಂಬಾತನ ತಂಡ, ಮೊದಲೇ ಫಲಿತಾಂಶ ಗೊತ್ತುಮಾಡಿದ ಕುಸ್ತಿ ಕುದುರೆಪಂದ್ಯಗಳಿಂದ ಶ್ರೀಮಂತರನ್ನು ವಂಚಿಸಿದ್ದಕ್ಕಾಗಿ ಶಿಕ್ಷೆಗೊಳಗಾಯಿತು. ನಿಜ ಮತ್ತು ನಟನೆ ಮೊದಲಿನಿಂದಲೂ ಒಂದೇ ಕಣದಲ್ಲಿ ಇದ್ದವು. ಪಟ್ಟದ ಕುಸ್ತಿಯಲ್ಲಾದರೂ ನಿಜವಿದ್ದೀತು ಎಂಬ ನಂಬಿಕೆ ಜನರಲ್ಲಿ ಉಳಿದಿತ್ತು.

ಆ ಕಾಲಕ್ಕೆ ಯುರೋಪಿನ ಜಟ್ಟಿಗಳ ಪೈಕಿ ಜಾರ್ಜ್ ಹ್ಯಾಕನ್‌ಷ್ಮಿಟ್ ಸರ್ವಮಾನ್ಯ. 1877ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯಾದಲ್ಲಿ ಹುಟ್ಟಿದವನು. ಪೀಟರ್ಸ್‌ಬರ್ಗಿನ ವೈದ್ಯರೊಬ್ಬರು ಈತನ ದೇಹವನ್ನು ನೋಡಿ ಬೆರಗಾಗಿ, ತಮ್ಮ ಮನೆಯಲ್ಲಿರಿಸಿಕೊಂಡು ತರಬೇತಿ ಕೊಡಿಸಿದರು. ಶಿಲ್ಪಿ ಕಡೆದಂಥ ಮೈಕಟ್ಟು, ಮೃದುವಾದ ಮಾತು. ಲಂಡನ್ನಿನಲ್ಲಿ 1904ರ ಜನವರಿಯಲ್ಲಿ ಅಹ್ಮದ್ ಮದ್ರಾಲಿ ಎಂಬ ದೈತ್ಯ ತುರ್ಕಿಯನ್ನು ಒಂದು ನಿಮಿಷದೊಳಗೆ ಎತ್ತಿ ಅಪ್ಪಳಿಸಿದಾಗ ಆತನ ತೋಳಿನ ಕೀಲು ತಪ್ಪಿಹೋಯಿತು. 1905ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಹೋಗಿ ಜೆಂಕಿನ್ಸನನ್ನು ಸೋಲಿಸಿದ ಮೇಲೆ ಹ್ಯಾಕನ್‌ಷ್ಮಿಟ್‌ನನ್ನು ಜಗಜ್ಜೆಟ್ಟಿಯೆಂದು ಎರಡೂ ಖಂಡಗಳು ಒಪ್ಪಿದವು. ನಮ್ಮ ಓದುಗರಿಗೆ ಪ್ರಿಯವಾಗಬಹುದಾದ ಒಂದು ಸಂಗತಿ: 1908ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈತ, ಬೇಯಿಸದ ಸಹಜ ಆಹಾರ ಮತ್ತು ಕಾಯಿಬೀಜಗಳೇ ಮನುಷ್ಯನಿಗೆ ಅತ್ಯಂತ ಶುದ್ಧವಾದ ಆಹಾರವೆಂದು ಬರೆದಿದ್ದಾನೆ.

1908ರ ಏಪ್ರಿಲ್ 3ರಂದು ಶಿಕಾಗೋದಲ್ಲಿ ಗಾಚ್ ಮತ್ತು ಹ್ಯಾಕನ್‌ಷ್ಮಿಟ್ ಎದುರುಬದುರಾದರು. ಎರಡು ತಾಸು ಮೀರಿ ನಿಂತೇ ಸೆಣಸಿದರು. ಗಾಚ್ ಮೈಗೆ ಎಣ್ಣೆ ಬಳಿದುಕೊಂಡು ಬಂದಿದ್ದಾನೆ, ಹೆಬ್ಬೆರಳಿನಿಂದ ತಿವಿಯುತ್ತಿದ್ದಾನೆ, ಉಗುರಿನಿಂದ ಕೆರೆಯುತ್ತಿದ್ದಾನೆ ಎಂದು ಹ್ಯಾಕನ್‌ಷ್ಮಿಟ್‌ನ ದೂರು. ಪಂಚನು ಕಿವಿಗೊಡಲಿಲ್ಲ. ಸಮವೆಂದು ಬಿಡೋಣವೆಂಬ ಮಾತಿಗೆ ಗಾಚ್ ಒಪ್ಪಲಿಲ್ಲ. ಕೊನೆಗೆ ಹ್ಯಾಕನ್‌ಷ್ಮಿಟ್ ಪಟ್ಟವನ್ನು ಬಿಟ್ಟುಕೊಟ್ಟು ಒಳಗೆ ನಡೆದ. ಮೂರು ವರ್ಷಗಳ ನಂತರ, 1911ರ ಸೆಪ್ಟೆಂಬರ್ 4ರಂದು, ಅದೇ ನಗರದ ಹೊಸ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಮರುಕುಸ್ತಿ ಏರ್ಪಟ್ಟಿತು. ಸಾವಿರ ಸಾವಿರ ಜನ ನೆರೆದರು. ಸುಮಾರು 87,000 ಡಾಲರು ವಸೂಲಾಯಿತು. ಹ್ಯಾಕನ್‌ಷ್ಮಿಟ್‌ನ ಮೊಣಕಾಲು ತಾಲೀಮಿನಲ್ಲಿಯೇ ಪೆಟ್ಟು ತಿಂದಿತ್ತು. ವ್ಯವಸ್ಥಾಪಕರಿಗೆ ಇದು ಗೊತ್ತಿತ್ತು, ಕುಸ್ತಿಯನ್ನು ರದ್ದುಪಡಿಸಲು ಮಾತ್ರ ಮನಸ್ಸಿರಲಿಲ್ಲ. ಇಪ್ಪತ್ತು ನಿಮಿಷಗಳೊಳಗೆ ಎರಡು ಸಲ ಬೆನ್ನು ನೆಲಕ್ಕೆ ಹತ್ತಿ ಎಲ್ಲ ಮುಗಿಯಿತು. ಜನ ಗೊಣಗುತ್ತ ಮನೆಗೆ ಹೋದರು. ಗಾಚ್ ಸೋಲಿಲ್ಲದ ಪಟ್ಟದೊಂದಿಗೆ 1913ರಲ್ಲಿ ನಿವೃತ್ತನಾಗಿ, 1917ರ ಡಿಸೆಂಬರಿನಲ್ಲಿ ನಲವತ್ತರ ಆಸುಪಾಸಿನಲ್ಲಿಯೇ ಮೂತ್ರಪಿಂಡದ ಬಾಧೆಯಿಂದ ತೀರಿಕೊಂಡ.

ಈ ಎರಡು ಕುಸ್ತಿಗಳ ನಡುವಿನ ವರ್ಷಗಳಲ್ಲಿ, 1910ರಲ್ಲಿ, ಭಾರತದ ಜಟ್ಟಿಯೊಬ್ಬ ಲಂಡನ್ನಿಗೆ ಬಂದಿಳಿದ. ಅವನೇ ಗಾಮಾ.

ಗುಲಾಂ ಮಹಮ್ಮದ್ ಎಂಬುದು ಹೆತ್ತವರಿಟ್ಟ ಹೆಸರು. ಪಂಜಾಬಿನ ಪೈಲ್ವಾನರ ಮನೆತನ. ದತಿಯಾ ಸಂಸ್ಥಾನದ ಆಶ್ರಯದಲ್ಲಿ ಬೆಳೆದವನು. ಬಾಲಕನಾಗಿದ್ದಾಗಲೇ ಜೋಧಪುರದ ಬಸ್ಕಿಯ ಪಂದ್ಯದಲ್ಲಿ ದೊಡ್ಡ ದೊಡ್ಡ ಪೈಲ್ವಾನರ ನಡುವೆ ಎಲ್ಲರ ಕಣ್ಣು ಸೆಳೆದವನು. ಎತ್ತರ ಐದಡಿ ಏಳು ಅಂಗುಲದಷ್ಟು. ಬಂಗಾಳದ ಧನಿಕರೊಬ್ಬರ ನೆರವಿನಿಂದ, ತಮ್ಮ ಇಮಾಂ ಬಕ್ಷನನ್ನೂ ಜೊತೆಗಿರಿಸಿಕೊಂಡು, ಲಂಡನ್ನಿಗೆ ಹೋದಾಗ ಅಲ್ಲಿಯವರು ಈತನ ಎತ್ತರವನ್ನು ನೋಡಿ ಮೊದಲು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲವೆಂದು ಹೇಳುತ್ತಾರೆ. ಯಾವ ಮೂವರನ್ನಾದರೂ ಅರ್ಧ ತಾಸಿನಲ್ಲಿ ಕೆಡವುತ್ತೇನೆಂದು ಗಾಮಾ ಸವಾಲು ಹಾಕಿದ. ಇದೂ ಡೇರೆಯವರ ಹೂಟವೆಂದೇ ಜನ ತಿಳಿದರು. ಆಗಸ್ಟಿನಲ್ಲಿ ಅಮೇರಿಕದ ಬೆಂಜಮಿನ್ ರೋಲರ್ ಎದುರಾದ. ಮೊದಲ ಸುತ್ತಿನಲ್ಲಿ ಎರಡು ನಿಮಿಷವೂ ತುಂಬುವ ಮೊದಲೇ, ಎರಡನೆಯ ಸುತ್ತಿನಲ್ಲಿ ಹತ್ತು ನಿಮಿಷದೊಳಗೆ, ಗಾಮಾ ಅವನನ್ನು ಚಿತ್ ಮಾಡಿದ. ಆಮೇಲೆ ಯಾರೂ ನಗಲಿಲ್ಲ.

ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಎಂಬ ಹೆಸರಾಂತ ಜಟ್ಟಿಯೊಡನೆ 'ಜಾನ್ ಬುಲ್' ಪಟ್ಟಕ್ಕಾಗಿ ಕುಸ್ತಿ. ಜಿಬಿಸ್ಕೊ ಗಾಮಾನಿಗಿಂತ ಬಹಳ ತೂಕದವನು, ಓದು ಬರಹ ಬಲ್ಲವನು, ಹಲವು ಭಾಷೆಗಳನ್ನು ಆಡುವವನು. ಕುಸ್ತಿ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ಗಾಮಾನ ಹಿಡಿತದ ರುಚಿ ಕಂಡ ಈ ಮಹಾಕಾಯ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಬೋರಲು ಮಲಗಿಬಿಟ್ಟ! ಬೆನ್ನು ನೆಲಕ್ಕೆ ಹತ್ತಿದರಲ್ಲವೇ ಸೋಲು? ಗಾಮಾ ಮೇಲೆ ಕುಳಿತು ಎಳೆದ, ಹೊರಳಿಸಿದ, ಕೊರಳಿಗೆ ಕೈ ಹಾಕಿದ. ಜಿಬಿಸ್ಕೊ ನೆಲ ಬಿಡಲಿಲ್ಲ. ಹೀಗೆ 2 ತಾಸು 34 ನಿಮಿಷ. ಕತ್ತಲಾಗತೊಡಗಿದಾಗ ಸಮವೆಂದು ಸಾರಿ, ಮುಂದಿನ ವಾರಕ್ಕೆ ಮುಂದೂಡಿದರು. ಸೆಪ್ಟೆಂಬರ್ 17ರಂದು ಗಾಮಾ ಬಂದು ನಿಂತ; ಜಿಬಿಸ್ಕೊ ಬರಲೇ ಇಲ್ಲ. ಪಟ್ಟದ ನಡುಕಟ್ಟು ಗಾಮಾನಿಗೆ ಸಂದಿತು. ಗಾಚನಿಗೂ ಹ್ಯಾಕನ್‌ಷ್ಮಿಟ್‌ನಿಗೂ ಆತ ಹಾಕಿದ ಸವಾಲುಗಳು ಕುಸ್ತಿಯವರೆಗೆ ಬರಲಿಲ್ಲ. ಸ್ವದೇಶಕ್ಕೆ ಮರಳಿ ರಹೀಂ ಬಕ್ಷ ಸುಲ್ತಾನಿವಾಲನನ್ನು ಗೆದ್ದ ಮೇಲೆ 'ರುಸ್ತುಮೆ ಹಿಂದ್' ಎಂಬ ಬಿರುದು ಗಾಮಾನದಾಯಿತು.

ಗಾಮಾನಿಗೆ ಅನ್ನವಿಕ್ಕಿದವರು ಸಂಸ್ಥಾನಿಕರು. ಆದುದರಿಂದ ಕುಸ್ತಿ ನೀರಸವಾಯಿತೆಂಬ ಚಿಂತೆ ಆತನಿಗೆ ಬೇಕಿರಲಿಲ್ಲ. ಅಮೇರಿಕದಲ್ಲಿ ಆ ಚಿಂತೆ ವ್ಯಾಪಾರಸ್ಥರ ನಿದ್ದೆಗೆಡಿಸುತ್ತಿತ್ತು. ಗಾಚನ ನಂತರ ಬಂದವರಲ್ಲಿ ಇಬ್ಬರು ಮುಖ್ಯರು. ನೆಬ್ರಾಸ್ಕದ ಒಕ್ಕಲು ಮಗ ಜೋ ಸ್ಟೆಕರ್ ತನ್ನ ಉದ್ದನೆಯ ಕಾಲುಗಳಿಂದ ಎದುರಾಳಿಯ ನಡುವನ್ನು ಕತ್ತರಿಯಂತೆ ಹಿಸುಕುವವನು. 1915ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ಪಟ್ಟ ಗೆದ್ದವನು. ಇನ್ನೊಬ್ಬನ ನಿಜನಾಮ ರಾಬರ್ಟ್ ಫ್ರೀಡ್ರಿಕ್. ಹಳೆಯ ಇವಾನ್ ಲೂಯಿಸನ ಹೆಸರನ್ನೂ 'ಕತ್ತು ಹಿಸುಕುವವ' ಎಂಬ ಬಿರುದನ್ನೂ ಎರವಲು ಪಡೆದು ಎಡ್ ಲೂಯಿಸ್ ಎಂದು ಪ್ರಸಿದ್ಧನಾದವನು. ತಲೆಯನ್ನು ತೋಳಿನಲ್ಲಿ ಬಿಗಿಯುವ ಪಟ್ಟು ಇವನದು. ಅದರ ಅಭ್ಯಾಸಕ್ಕೆಂದು ಒಳಗೆ ಸ್ಪ್ರಿಂಗ್ ಇರುವ ಮರದ ತಲೆಯೊಂದನ್ನು ಮಾಡಿಸಿಟ್ಟುಕೊಂಡಿದ್ದ. 1916ರ ಜುಲೈ 4ರಂದು ಒಮಾಹಾ ನಗರದ ಬಿಸಿಲಿನಲ್ಲಿ ಇವರಿಬ್ಬರೂ ಸುಮಾರು ಐದು ತಾಸು ಸೆಣಸಿದರು. ಲೂಯಿಸ್ ಹಿಂದೆ ಹಿಂದೆ ಸರಿಯುತ್ತಲೇ ಇದ್ದ; ಸ್ಟೆಕರ್ ಬೆನ್ನಟ್ಟುತ್ತಲೇ ಇದ್ದ. ಯಾರೂ ಗೆಲ್ಲಲಿಲ್ಲ. ಮಲ್ಡೂನನ ಏಳು ತಾಸಿನ ಕಥೆಯೇ ಮೂವತ್ತೈದು ವರ್ಷಗಳ ಮೇಲೆ ಮರುಕಳಿಸಿತ್ತು.

ಇಲ್ಲಿಂದ ಮುಂದೆ ಲೂಯಿಸ್, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ, ಮತ್ತು ಟೂಟ್ಸ್ ಮಾಂಟ್ ಎಂಬ ಚತುರ ಜಟ್ಟಿ, ಈ ಮೂವರು ಸೇರಿ 1920ರ ದಶಕದಲ್ಲಿ ಕುಸ್ತಿಯ ಸ್ವರೂಪವನ್ನೇ ಬದಲಿಸಿದರು. ಕುಸ್ತಿಗೆ ಕಾಲದ ಮಿತಿ ಹಾಕಿದರು. ಮುಷ್ಟಿಕಾಳಗದ ವೇಗ, ರಂಗಭೂಮಿಯ ತಿರುವು ಎಲ್ಲವನ್ನೂ ಸೇರಿಸಿದರು. ನೂರಾರು ಜಟ್ಟಿಗಳನ್ನು ಕರಾರಿನ ಮೇಲೆ ಇರಿಸಿಕೊಂಡು, ನಾಟಕ ಕಂಪನಿಯಂತೆ, ಇಡೀ ಮೇಳವನ್ನು ಊರಿಂದ ಊರಿಗೆ ಒಯ್ದರು. ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದು ಮೊದಲೇ ನಿಶ್ಚಯ. ಇವರು ಹಣವನ್ನು ರಾಶಿ ಹಾಕಿದರು. ಆದರೆ ಒಂದು ಎಚ್ಚರಿಕೆ ಇತ್ತು: ಪಟ್ಟ ಹೊತ್ತವನು ನಿಜದಲ್ಲಿಯೂ ಎಲ್ಲರನ್ನೂ ಕೆಡವಬಲ್ಲ ಲೂಯಿಸ್ ಆಗಿದ್ದ. ಯಾರಾದರೂ ಮಾತು ಮೀರಿದರೆ ಅವರನ್ನು ಕಣದಲ್ಲಿಯೇ ನಿಜವಾಗಿ ಶಿಕ್ಷಿಸುವ ಶಕ್ತಿ ಅವನಲ್ಲಿತ್ತು. ಸುಳ್ಳನ್ನು ಕಾಯುವುದಕ್ಕೆ ನಿಜವಾದ ವಿದ್ಯೆ ಬೇಕಾಯಿತು!

ಆ ಎಚ್ಚರಿಕೆಯನ್ನು ಅವರೇ ಕೈಬಿಟ್ಟರು. ವೇಯ್ನ್ ಮನ್ ಎಂಬ ಆಜಾನುಬಾಹು ತರುಣ ಫುಟ್‌ಬಾಲಿನಲ್ಲಿ ಹೆಸರು ಮಾಡಿದ್ದ. ಕುಸ್ತಿ ಮಾತ್ರ ಅಷ್ಟಾಗಿ ಬಾರದು. ಇವನು ಲೂಯಿಸನನ್ನು ಸೋಲಿಸಿದರೆ, ಆಮೇಲೆ ಮರುಕುಸ್ತಿಗೆ ಜನ ಮುಗಿಬೀಳುತ್ತಾರೆಂಬುದು ಲೆಕ್ಕಾಚಾರ. 1925ರ ಜನವರಿ 8ರಂದು ಕಾನ್ಸಾಸ್ ಸಿಟಿಯಲ್ಲಿ ಮನ್ ಲೂಯಿಸನನ್ನು ಹಗ್ಗದಾಚೆಗೆ ಒಗೆದ, ಲೂಯಿಸ್ ಬೆನ್ನು ಮುರಿದವನಂತೆ ನರಳಿದ, ಪಟ್ಟ ಮನ್‌ನದಾಯಿತು. ಈ ಹೊಸ ಪಟ್ಟಾಭಿಷಿಕ್ತನಿಗೆ ಒಂದಿಷ್ಟು ಗೆಲುವುಗಳು ಬೇಕಿದ್ದವು. ಅದಕ್ಕಾಗಿ ಸಂಬಳಕ್ಕೆ ಸೋಲುವ ಹಿರಿಯ ಜಟ್ಟಿಯೊಬ್ಬನನ್ನು ಗೊತ್ತುಮಾಡಿದರು. ಆತ ಬೇರೆ ಯಾರೂ ಅಲ್ಲ, ಲಂಡನ್ನಿನಲ್ಲಿ ಗಾಮಾನ ಕೆಳಗೆ ಬೋರಲು ಮಲಗಿದ್ದ ಜಿಬಿಸ್ಕೊ. ಈಗ ನಲವತ್ತೈದರ ಗಡಿಯಲ್ಲಿದ್ದ. ಫೆಬ್ರುವರಿಯಲ್ಲಿ ಒಮ್ಮೆ ಒಪ್ಪಂದದಂತೆ ಸೋತ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಮತ್ತೊಮ್ಮೆ ಸೋಲಬೇಕಾಗಿತ್ತು.

ಅಂದು ಜಿಬಿಸ್ಕೊ ಸೋಲಲಿಲ್ಲ. ಗಂಟೆ ಬಾರಿಸಿದೊಡನೆ ಮುನ್ನುಗ್ಗಿ ಮನ್‌ನನ್ನು ಕೆಡವಿದ, ಮತ್ತೆ ಕೆಡವಿದ. ಏನಾಗುತ್ತಿದೆಯೆಂದು ಆ ತರುಣನಿಗೆ ತಿಳಿಯಲಿಲ್ಲ. ಪಂಚನು ಮೊದಮೊದಲು ಕಂಡರೂ ಕಾಣದಂತಿದ್ದ. ಸಾವಿರಾರು ಕಣ್ಣುಗಳ ಎದುರಿಗೆ ಬೆನ್ನು ನೆಲಕ್ಕೆ ಹತ್ತಿದ್ದನ್ನು ಎಷ್ಟು ಹೊತ್ತು ಮುಚ್ಚಿಟ್ಟಾನು? ಕೊನೆಗೆ ಜಿಬಿಸ್ಕೊನ ಕೈಯೆತ್ತಲೇಬೇಕಾಯಿತು.

ಈ ಪ್ರಸಂಗವನ್ನು ಓದಿದಾಗ ನಮ್ಮ ಮನಸ್ಸು ಬಹಳ ಹೊತ್ತು ತೊಳಲಾಡಿತು. ಅಂದು ಕಣದಲ್ಲಿ ನಡೆದುದು ಖರೆಯ ಕುಸ್ತಿ, ಗೆದ್ದವನು ನಿಜವಾಗಿಯೂ ಬಲಿಷ್ಠ. ಆದರೆ ಅವನು ಮಾತು ಕೊಟ್ಟು ತಪ್ಪಿದವನು. ಅದೂ ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಸ್ಟೆಕರನ ಕಡೆಯ ವ್ಯವಸ್ಥಾಪಕರೊಡನೆ ಒಳಗೊಳಗೆ ಮಾತಾಗಿತ್ತು. ಮೇ 30ರಂದು ಸೇಂಟ್ ಲೂಯಿಸ್ ನಗರದಲ್ಲಿ ಆತ ಸ್ಟೆಕರನಿಗೆ ಪಟ್ಟವನ್ನು ಒಪ್ಪಿಸಿದ. ಅದೇ ದಿನ ಇಂಡಿಯಾನಾ ಪ್ರಾಂತದ ಊರೊಂದರಲ್ಲಿ ಲೂಯಿಸ್ ಮನ್‌ನನ್ನು ಸೋಲಿಸಿ ತಾನೇ ಪಟ್ಟದವನೆಂದು ಸಾರಿದ. ಒಂದೇ ದಿನ ಲೋಕಕ್ಕೆ ಇಬ್ಬರು ಜಗಜ್ಜೆಟ್ಟಿಗಳು! ಜಿಬಿಸ್ಕೊ ಮಾಡಿದ್ದು ವಂಚನೆಯೇ. ಆದರೂ ವೃದ್ಧಾಪ್ಯದ ಅಂಚಿನಲ್ಲಿದ್ದ ಆ ಜಟ್ಟಿಗೆ ಅಂದು ರಾತ್ರಿ, ಕೆಲವು ನಿಮಿಷಗಳ ಮಟ್ಟಿಗಾದರೂ, ತನ್ನ ವಿದ್ಯೆ ಮರಳಿ ದೊರೆತ ಸುಖವಾಗಿರಬೇಕೆಂದು ನಮಗೆ ಅನಿಸುತ್ತದೆ.

1928ರಲ್ಲಿ ಲೂಯಿಸ್ ಸ್ಟೆಕರನಿಂದ ಪಟ್ಟವನ್ನು ಮರಳಿ ಪಡೆದು, 1929ರ ಜನವರಿಯಲ್ಲಿ ಮತ್ತೊಬ್ಬ ಫುಟ್‌ಬಾಲ್ ಆಟಗಾರ ಗಸ್ ಸೊನೆನ್‌ಬರ್ಗನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಪಟ್ಟವೆಂಬುದು ವ್ಯಾಪಾರಿಗಳ ಪೆಟ್ಟಿಗೆಯಲ್ಲಿಯ ಒಡವೆಯಾಯಿತು. 1934ರಲ್ಲಿ ವ್ಯಾಪಾರದ ಪಾಲಿನ ಜಗಳದಿಂದ ಸಿಟ್ಟಾದ ಜಾಕ್ ಫೆಫರ್ ಎಂಬ ವ್ಯವಸ್ಥಾಪಕ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಒಳಗುಟ್ಟನ್ನೆಲ್ಲ ಹೇಳಿಬಿಟ್ಟ. ಆದರೂ ಅದೇ ವರ್ಷ ಶಿಕಾಗೋದಲ್ಲಿ ಲೂಯಿಸ್ ಮತ್ತು ಗ್ರೀಸ್ ಮೂಲದ ಜಿಮ್ ಲಂಡೋಸ್ ಆಡಿದ ಕುಸ್ತಿಗೆ 35,000ಕ್ಕೂ ಹೆಚ್ಚು ಜನ ಸೇರಿದರು. 1989ರಲ್ಲಿ ಅಮೇರಿಕದ ದೊಡ್ಡ ಕುಸ್ತಿ ಕಂಪನಿಯೊಂದು ನ್ಯೂಜೆರ್ಸಿ ಪ್ರಾಂತದ ಶಾಸನಸಭೆಯ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆಯೆಂದು ತಾನಾಗಿಯೇ ಒಪ್ಪಿಕೊಂಡಿತು. ಕ್ರೀಡಾ ಆಯೋಗದ ಕಟ್ಟಳೆ ಮತ್ತು ತೆರಿಗೆಗಳಿಂದ ಪಾರಾಗುವುದು ಉದ್ದೇಶ. ಡೇರೆಯ ಕಾಲದಿಂದ ಕಾಪಾಡಿಕೊಂಡು ಬಂದ ಗುಟ್ಟು ತೆರಿಗೆ ಉಳಿಸಲು ಬಯಲಾಯಿತು.

ಆ ಹಳೆಯ ಜಟ್ಟಿಗಳ ಕೊನೆಗಾಲವನ್ನೂ ಹೇಳಬೇಕು. ಒಕ್ಕಣ್ಣ ಜೆಂಕಿನ್ಸ್ ಅಮೇರಿಕದ ವೆಸ್ಟ್‌ಪಾಯಿಂಟ್ ಸೈನಿಕ ವಿದ್ಯಾಲಯದಲ್ಲಿ 1942ರವರೆಗೆ ಕುಸ್ತಿ ಕಲಿಸಿದ. ಲೂಯಿಸನ ಕಣ್ಣುಗಳನ್ನು ಟ್ರಕೋಮ ತಿಂದುಹಾಕಿತು, 1966ರಲ್ಲಿ ತೀರಿಕೊಂಡ. ಸ್ಟೆಕರ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಮೂವತ್ತಕ್ಕೂ ಹೆಚ್ಚು ವರ್ಷ ಆಸ್ಪತ್ರೆಯಲ್ಲಿಯೇ ಇದ್ದು, 1974ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ. ಹ್ಯಾಕನ್‌ಷ್ಮಿಟ್ ಲಂಡನ್ನಿನಲ್ಲಿ ನೆಲೆಸಿ ತತ್ತ್ವಶಾಸ್ತ್ರದ ಗ್ರಂಥಗಳನ್ನು ಬರೆಯುತ್ತ, 1968ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ. ಗಾಮಾ ದೇಶವಿಭಜನೆಯ ಕಾಲಕ್ಕೆ ಲಾಹೋರಿನಲ್ಲಿದ್ದ. ಆ ದಿನಗಳಲ್ಲಿ ತನ್ನ ಬೀದಿಯ ಹಿಂದೂ ನೆರೆಹೊರೆಯವರಿಗೆ ಅಡ್ಡನಿಂತು ಕಾಪಾಡಿದನೆಂದು ಅಲ್ಲಿಯವರು ನೆನೆಯುತ್ತಾರೆ. ರೋಗ ಬಡತನಗಳಿಂದ ಬಳಲಿದ ಅವನ ಕೊನೆಯ ದಿನಗಳಲ್ಲಿ ಭಾರತದ ಉದ್ಯಮಿ ಜಿ.ಡಿ. ಬಿರ್ಲಾ ಅವರು ನೆರವು ಕಳುಹಿಸಿದರೆಂದೂ ಹೇಳುತ್ತಾರೆ. 1960ರ ಮೇ ತಿಂಗಳಲ್ಲಿ ಗಾಮಾ ತೀರಿಕೊಂಡ.

ಒಂದು ಕುಸ್ತಿಯನ್ನು ಹೇಳದೆ ಬಿಟ್ಟಿದ್ದೇವೆ. 1928ರ ಜನವರಿಯಲ್ಲಿ ಪಟಿಯಾಲದ ಮಹಾರಾಜರು ಜಿಬಿಸ್ಕೊನನ್ನು ಭಾರತಕ್ಕೆ ಕರೆಸಿ ಗಾಮಾನೊಡನೆ ಮತ್ತೆ ಕುಸ್ತಿ ಏರ್ಪಡಿಸಿದರು. ಇಬ್ಬರೂ ಹರೆಯ ಕಳೆದವರು. ಹದಿನೆಂಟು ವರ್ಷಗಳ ಹಿಂದೆ ಎರಡೂವರೆ ತಾಸು ಅಲುಗದೆ ಮಲಗಿದ್ದವನನ್ನು ಗಾಮಾ ಈ ಸಲ ಒಂದು ನಿಮಿಷವೂ ತುಂಬುವ ಮೊದಲೇ ಚಿತ್ ಮಾಡಿದ. ಸೋತ ಜಿಬಿಸ್ಕೊ ಗಾಮಾನನ್ನು ಹುಲಿಗೆ ಹೋಲಿಸಿ ಹೊಗಳಿದನಂತೆ.

ಮೊನ್ನೆ ಮಿತ್ರರ ಮನೆಗೆ ಹೋದಾಗ ಆ ಹುಡುಗನನ್ನು ಹತ್ತಿರ ಕೂಡಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆವು. ಬೋರಲು ಮಲಗಿದ ಜಿಬಿಸ್ಕೊನ ಸಂಗತಿಗೆ ಬಿದ್ದುಬಿದ್ದು ನಕ್ಕ. ಫಿಲಡೆಲ್ಫಿಯಾದ ಸಂಗತಿಗೆ ಕಣ್ಣರಳಿಸಿದ. ಪಟಿಯಾಲದ ಕುಸ್ತಿಯನ್ನು ಹೇಳಿ ಮುಗಿಸಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾ, ಅಲ್ಲೂ ಅಂವ ರೊಕ್ಕ ತಗೊಂಡು ಬೇಕಂತನ ಸೋತಿದ್ನೇನ್ರಿ?" ಎಂದು ಕೇಳಿದ.

ಇಲ್ಲವೆಂದು ನಾವು ಹೇಳಿದೆವು. ಅವರಜ್ಜನೂ ಜೋರಾಗಿ ಇಲ್ಲವೆಂದರು. ಹುಡುಗ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ಎದ್ದು ಟಿ.ವಿ. ಹಾಕಲು ಹೋದ.